ಪಾಂಡವರ ಪಾಲಿನ ಅಣ್ಣಿ

ಮೊನ್ನೆ ನನ್ನ ಹೆಗಲಚೀಲದ ಝಿಪ್ಪು ಕೆಟ್ಟಿತು. ರಿಪೇರಿಗೆ ಕೊಡುವ ಮೊದಲು ಒಳಗಿದ್ದುದನ್ನೆಲ್ಲ ಮಂಚದ ಮೇಲೆ ಸುರಿದೆ. ಏನೇನು ಬಿತ್ತು ಎಂದು ಇಲ್ಲಿ ಬರೆದು ಹೆಂಗಸರ ಕುಲದ ಮಾನ ಕಳೆಯುವುದಿಲ್ಲ. ಕೊನೆಗೆ ಚೀಲವನ್ನು ಒಳಹೊರಗು ಮಾಡಿ ಝಾಡಿಸಿದಾಗ ಹೊಲಿಗೆಯ ಸಂದಿಯಿಂದ ಕರಿಯ ಕಾಳುಗಳು ಪಟಪಟನೆ ಉದುರಿದವು. ಸಾಸಿವೆಗಿಂತ ಸಣ್ಣವು, ಎಣ್ಣೆ ಸವರಿದಂತೆ ಮಿರಿಮಿರಿ ಮಿಂಚುವಂಥವು. ಪೇಪರು ಓದುತ್ತಿದ್ದ ನಮ್ಮನಿಯವರು ಚಸ್ಮಾ ಏರಿಸಿಕೊಂಡು ಬಗ್ಗಿ ನೋಡಿದರು.

"ಏನವು? ಇರುವಿ ಏನು?"

"ಅಣ್ಣಿ ಬೀಜ ಇವು. ಹೋದ ಹಬ್ಬದ್ದು."

ಅಣ್ಣಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. "ಮೊದಲ ಅವನ್ನ ಹೊರಗ ಒಗಿ" ಎಂದರು. ನಾನು ಒಗೆಯಲಿಲ್ಲ. ಒಂದು ಕಾಗದದಲ್ಲಿ ಸುತ್ತಿ ದೇವರ ಮಾಡದಲ್ಲಿಟ್ಟೆ. ಅವರ ಸೊಂಟಕ್ಕೂ ಅಣ್ಣಿ ಹೂವಿಗೂ ಇರುವ ಸಂಬಂಧವನ್ನು ಹೇಳಬೇಕೆಂದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ. ನೀವು ಚಹಾ ಇಟ್ಟುಕೊಂಡು ಬಂದರೂ ಅಡ್ಡಿಯಿಲ್ಲ.

ಅಣ್ಣಿಯನ್ನು ಹೂವು ಎನ್ನಬೇಕೋ ಕಸ ಎನ್ನಬೇಕೋ ನನಗೆ ಇನ್ನೂ ಬಗೆಹರಿದಿಲ್ಲ. ರೋಣ, ನರಗುಂದ, ಗಜೇಂದ್ರಗಡ ಎಂದರೆ ಮಳೆರಾಯ ಕೈ ಬಿಗಿ ಹಿಡಿದೇ ಬರುವ ಸೀಮೆ. ಬೇಸಿಗೆಯಲ್ಲಿ ಕರಿ ಮಣ್ಣಿನ ಎರಿ ಹೊಲ ಅಂಗಾಲು ತೂರುವಷ್ಟು ಬಿರುಕು ಬಿಟ್ಟು ಬಾಯಿ ತೆರೆದು ಮಲಗಿರುತ್ತದೆ. ಆಗ ಅಣ್ಣಿಯ ಒಂದು ಕಡ್ಡಿಯನ್ನೂ ಕಾಣಲಾರಿರಿ. ನಾಲ್ಕು ಹನಿ ಹದವಾಗಿ ಬೀಳಲಿ, ನಾವು ಬಿತ್ತಿದ್ದು ಏಳುವುದಕ್ಕೆ ಮೊದಲು ಯಾರೂ ಬಿತ್ತದ ಇದು ಎದ್ದು ನಿಂತಿರುತ್ತದೆ. ಹಾಗೇ ಬಿಟ್ಟರೆ ಸೊಂಟದೆತ್ತರ ಬೆಳೆದು, ಮಳೆಗಾಲ ಮುಗಿಯುವ ಹೊತ್ತಿಗೆ ಕೊಂಬೆ ಕೊಂಬೆಯ ತುದಿಗೂ ದೀಪದ ಕುಡಿಯಂಥ ಹೂತೆನೆ. ಬುಡದಲ್ಲಿ ಬಿಳುಪು, ತುದಿಯಲ್ಲಿ ತಿಳಿ ಗುಲಾಬಿ. ಮುಟ್ಟಿದರೆ ಕಾಗದದಂತೆ ಸರಪರ ಎನ್ನುತ್ತದೆ. ಕಿತ್ತು ವಾರವಾದರೂ ಬಾಡುವುದಿಲ್ಲ. ಆದರೆ ಅದನ್ನು ಯಾರೂ ಮುಡಿಯುವುದಿಲ್ಲ, ಸಂತೆಯಲ್ಲಿ ಮಾರುವುದೂ ಇಲ್ಲ.

ನಮ್ಮ ಅವ್ವ ಅಣ್ಣಿಯ ಕಡುವೈರಿ. ನನ್ನ ತವರು ಜಕ್ಕಲಿ. ಅಲ್ಲಿ ಕಸ ತೆಗೆಯುವ ಹೆಂಗಸರ ಸಾಲಿನಲ್ಲಿ ಅವ್ವ ಯಾವತ್ತೂ ಎಲ್ಲರಿಗಿಂತ ಮೊಳ ಮುಂದೆ. ಕುಕ್ಕರುಗಾಲಿನಲ್ಲಿ ಕೂತು, ಸೆರಗು ತಲೆಗೆ ಸುತ್ತಿ, ಕುರ್ಪಿ ಹಿಡಿದು ಹೊರಟಳೆಂದರೆ ಅವಳ ಹಿಂದೆ ನೆಲ ಸಾರಿಸಿದ ಅಂಗಳದಂತೆ ಕಾಣುತ್ತಿತ್ತು. ಸಾಲಿ ರಜೆಯಿದ್ದ ದಿನ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ನನ್ನ ಕೆಲಸವೋ, ಕೇಳಬೇಡಿ. ಹೆಸರುಕಾಳಿನ ಗಿಡ ಕಿತ್ತು ಕಸ ಬಿಟ್ಟು ಮುಂದೆ ಹೋಗುತ್ತಿದ್ದೆ. ಅವ್ವ ಹಿಂದಿರುಗಿ ನೋಡಿ, "ಇಕಿನ್ನ ಮಾಡಿಕೊಳ್ಳೋ ಗಂಡು ಒಕ್ಕಲಿಗ ಇರಬಾರದಪಾ ದೇವರ" ಎಂದು ಎಲ್ಲರೆದುರು ಅನ್ನುತ್ತಿದ್ದಳು. ದೇವರು ಕೇಳಿಸಿಕೊಂಡ. ನನಗೆ ಬಸ್ಸಿನ ಕಂಡಕ್ಟರನ್ನು ಗಂಟು ಹಾಕಿ ನರಗುಂದಕ್ಕೆ ಕಳಿಸಿದ.

ಇಷ್ಟು ವೈರ ಕಟ್ಟಿಕೊಂಡಿದ್ದ ಅವ್ವ ಒಂದು ಕಡೆ ಮಾತ್ರ ಕುರ್ಪಿ ತಡೆಯುತ್ತಿದ್ದಳು. ಹೊಲದ ಮೂಡಣ ಬದುವಿನ ಮೇಲೆ ಒಂದಿಷ್ಟು ಅಣ್ಣಿ ಗಿಡಗಳನ್ನು ಹಾಗೇ ಬಿಡುತ್ತಿದ್ದಳು. ಯಾರಾದರೂ ಅತ್ತ ಕೈ ಚಾಚಿದರೆ, "ಏ, ಅದು ಪಾಂಡವ್ರ ಪಾಲು, ಮುಟ್ಟಬ್ಯಾಡ" ಎಂದು ಗದರುತ್ತಿದ್ದಳು. ನಮ್ಮ ಕಡೆ ಆಗ ಎಲ್ಲರ ಹೊಲದಲ್ಲೂ ಹೀಗೊಂದು ಪಾಲು ಇರುತ್ತಿತ್ತು.

ಪಾಂಡವರು ಎಂದರೆ ಯಾರೋ ದೂರದವರಲ್ಲ. ದೀಪಾವಳಿಯ ಪಾಡ್ಯದ ದಿನ ನಮ್ಮಲ್ಲಿ ಹಟ್ಟಿ ಹಬ್ಬ. ಬೆಳಗಿನಲ್ಲೇ ಹಸಿ ಸಗಣಿಯಲ್ಲಿ ಪಾಂಡವರನ್ನು ಮಾಡಿ ಹೊಸ್ತಿಲ ಮುಂದೆ, ಕೊಟ್ಟಿಗೆಯಲ್ಲಿ, ಒಲೆಯ ಹತ್ತಿರ ಸಾಲಾಗಿ ಕೂಡಿಸುತ್ತಾರೆ. ಸುಣ್ಣ, ಕೆಮ್ಮಣ್ಣಿನ ಬೊಟ್ಟು ಇಟ್ಟು, ನೆತ್ತಿಗೆ ಉತ್ತರಾಣಿ ಕಡ್ಡಿ, ಚೆಂಡು ಹೂವು, ಎಲ್ಲಕ್ಕಿಂತ ಮೇಲೆ ಅಣ್ಣಿಯ ತೆನೆ ಸಿಗಿಸುತ್ತಾರೆ. ಅಣ್ಣಿ ಏರಿದ ಮೇಲೆ ಸಗಣಿಯ ಉಂಡೆಗೂ ಒಂದು ರಾಜಕಳೆ ಬರುತ್ತದೆ. ಚಿಕ್ಕವರಿದ್ದಾಗ ನಾನೂ ನನ್ನ ತಮ್ಮ ಈರಣ್ಣನೂ ಭೀಮನನ್ನು ಯಾರು ಮಾಡಬೇಕೆಂದು ಜಗಳಾಡಿ ಸಗಣಿ ಎರಚಾಡಿಕೊಂಡು, ಹಬ್ಬದ ದಿನವೇ ಅವ್ವನ ಕೈಯಿಂದ ಪೂಜೆ ಮಾಡಿಸಿಕೊಳ್ಳುತ್ತಿದ್ದೆವು. ಮರುದಿನ ಪಾಂಡವರು ಮನೆಯ ಮಣ್ಣಿನ ಮಾಳಿಗೆ ಏರುತ್ತಿದ್ದರು. ಅವರ ತಲೆಯಿಂದ ಉದುರಿದ ಬೀಜ ಮುಂದಿನ ಮಳೆಗೆ ಮಾಳಿಗೆಯ ಮಣ್ಣಿನಲ್ಲೇ ಮೊಳೆಯುತ್ತಿತ್ತು. ಊರ ಹೊರಗಿನಿಂದ ನೋಡಿದರೆ ನಮ್ಮ ಮನೆಗೆ ಗುಲಾಬಿ ಕೂದಲು ಬಂದಂತೆ ಕಾಣುತ್ತಿತ್ತು. ಈಗ ಈರಣ್ಣ ಮಾಳಿಗೆ ತೆಗೆಸಿ ಸ್ಲ್ಯಾಬು ಹಾಕಿಸಿದ್ದಾನೆ. ಸೋರುವುದಿಲ್ಲ, ಅದು ಚಲೋ ಆಯಿತು.

ಇನ್ನು ಹೋದ ವರ್ಷದ ಮಾತಿಗೆ ಬರುತ್ತೇನೆ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಮಜ್ಜಿಗೆಯಾಗಿತ್ತು. ಆಪರೇಷನ್ ಎಂದರೆ ಮಾತ್ರ ಜಪ್ಪಯ್ಯ ಎನ್ನಲೊಲ್ಲಳು.

"ಏನ್ ನೋಡೂದು ಉಳದೈತಿ ನಂಗ? ನಿಮ್ಮ ಮಾರಿ ನಿಮ್ಮ ಧ್ವನಿ ಮ್ಯಾಲೇ ಗೊತ್ತಾಗತಾವ. ಅವೇನು ನೋಡೋವಂಥ ಮಾರಿ ಅಲ್ಲ" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದಳು.

ಕೊನೆಗೆ ಈರಣ್ಣನಿಗೇ ಹೊಳೆಯಿತು. "ಯವ್ವಾ, ಹಟ್ಟಿ ಹಬ್ಬದಾಗ ಪಾಂಡವ್ರು ಕಾಣಬೇಕೋ ಬ್ಯಾಡೋ?" ಎಂದ.

ಮರುದಿನ ರೊಟ್ಟಿ ಮುರಿಯುತ್ತ ಅವ್ವ ತಾನಾಗಿಯೇ ಕರಾರು ಹೇಳಿದಳು. "ಒಂದ ಕಣ್ಣಿಗೆ ಮಾಡಸ್ರಿ, ನೋಡೂಣು. ಪಾಂಡವ್ರ ತಲೀ ಮ್ಯಾಲೆ ಅಣ್ಣಿ ಹೂ ಖರೇನ ಕಂಡ್ರ ಇನ್ನೊಂದಕ್ಕ ಒಪ್ತೀನಿ. ಇಲ್ಲಂದ್ರ ಇದ್ದಷ್ಟ ಸಾಕು."

ಹಬ್ಬಕ್ಕೆ ಸ್ವಲ್ಪ ಮೊದಲು ಬಲಗಣ್ಣಿನದು ಆಯಿತು. ಡಾಕ್ಟರು ನಮ್ಮನ್ನು ಹೊರಗೆ ಕರೆದು, ಎಡಗಣ್ಣಿನ ಪೊರೆ ಭಾಳ ಬಲಿತಿದೆ, ತಡ ಮಾಡಿದರೆ ಆ ಕಣ್ಣು ಕೈಬಿಡುತ್ತದೆ, ಲಗೂನ ಕರೆತನ್ನಿ ಎಂದರು. ಜೊತೆಗೆ ಬಗ್ಗಬಾರದು, ಹೊಗೆ ಬೇಡ, ಧೂಳು ಬೇಡ, ಹೊಲದ ದಾರಿ ಸದ್ಯ ಮರೆತುಬಿಡಿ ಎಂದೂ ಹೇಳಿದರು. ಅವ್ವ ಕರಿ ಚಸ್ಮಾ ಏರಿಸಿ ಪಡಸಾಲೆಯಲ್ಲಿ ಕೂತು ಹಬ್ಬದ ದಾರಿ ಕಾಯತೊಡಗಿದಳು. ಅಣ್ಣಿ ಹೂವು ಅವಳ ಹತ್ತಿರ ನಡೆದು ಬರಬೇಕು, ಅದು ನಮ್ಮ ಜವಾಬುದಾರಿ. ಅದರಲ್ಲೇನಿದೆ, ಕಸ ತಾನೇ ಎಂದುಕೊಂಡು ನಾನೂ ನಮ್ಮನಿಯವರೂ ಹಬ್ಬಕ್ಕೆ ಜಕ್ಕಲಿಗೆ ಬಂದಿಳಿದೆವು.

ಈರಣ್ಣ ನನ್ನನ್ನು ಹೊಲಕ್ಕೆ ಕರೆದೊಯ್ದ. ಹೊಲ ತೋರಿಸುವಾಗ ಅವನ ನಡಿಗೆಯೇ ಬೇರೆ.

"ಅಕ್ಕಾ, ನೋಡು. ಕನ್ನಡಿ ಇದ್ದಾಂಗ ಇಟ್ಟೀನಿ. ಒಂದ ಕಡ್ಡಿ ಕಸಾ ತೋರ್ಸು, ನೀ ಹೇಳಿದ್ದ ಕೇಳ್ತೀನಿ."

"ಬದುವಿನ ಮ್ಯಾಲಿನ ಅಣ್ಣಿ ಎಲ್ಲೋ?"

"ಈ ಸಲ ಬದುವಿಗೂ ಕಸಾ ಸಾಯೋ ಎಣ್ಣಿ ಹೊಡದೆ. ಒಂದೂ ಏಳಲಿಲ್ಲ ನೋಡು..." ಎಂದವನು ಅಲ್ಲೇ ನಿಂತುಬಿಟ್ಟ. ಅವನ ಮುಖದ ಹೆಮ್ಮೆ ಇಳಿದುಹೋಯಿತು. "ಅಯ್ಯ, ಪಾಂಡವ್ರ ಪಾಲು" ಎಂದ.

ಅವ್ವನಂತೂ ಮನೆಯಲ್ಲಿ ಬಂದವರಿಗೆಲ್ಲ, "ನಾಡದು ಅಣ್ಣಿ ನೋಡ್ತೀನಿ, ಆಮೇಲೆ ಎಡಗಣ್ಣಿನ ಮಾತು" ಎಂದು ಸಾರುತ್ತಿದ್ದಳು. ಚೆಂಡು ಹೂವಿನಲ್ಲೇ ಸಾಗಹಾಕೋಣ ಎಂದರೆ ಆಗದು, ಅವ್ವನ ಬಲಗಣ್ಣು ಈಗ ಕಾಣುತ್ತದೆಯಲ್ಲ. ಈರಣ್ಣನ ಮುಖ ನೋಡಿ ನನಗೆ ಕನಿಕರವೂ ಬಂತು, ಸಿಟ್ಟೂ ಬಂತು. ಅಕ್ಕಪಕ್ಕದ ಹೊಲಗಳಲ್ಲಿ ಹುಡುಕಿದೆವು. ಎಲ್ಲರೂ ಅದೇ ಎಣ್ಣೆ ಹೊಡೆದವರೇ, ಎಲ್ಲರದೂ ಕನ್ನಡಿಯೇ.

ಹಬ್ಬದ ಹಿಂದಿನ ದಿನ ಅವ್ವನ ಕಣ್ಣಿಗೆ ಹನಿ ಹಾಕುವ ಕೆಲಸಕ್ಕೆ ಈರಣ್ಣನನ್ನು ಬಿಟ್ಟು, ನಾನೂ ನಮ್ಮನಿಯವರೂ ಸ್ಕೂಟರು ಹತ್ತಿದೆವು. ನಮ್ಮನಿಯವರು ನಿವೃತ್ತರಾದರೂ ಅವರೊಳಗಿನ ಕಂಡಕ್ಟರು ಇನ್ನೂ ಡ್ಯೂಟಿಯಲ್ಲೇ ಇದ್ದಾನೆ. ಊರು ಬಂದಾಗೆಲ್ಲ ಸ್ಕೂಟರಿನ ವೇಗ ಇಳಿಸಿ, "ರೋಣ, ರೋಣ ಇಳಿಯೋರು ಮುಂದ ಬರ್ರಿ" ಎನ್ನುತ್ತಾರೆ. ಹಿಂದೆ ಕೂತವಳು ನಾನೊಬ್ಬಳೇ.

ರೋಣ ದಾಟಿದ ಮೇಲೆ ದಾರಿ ಬದಿಯ ಹೊಲದಲ್ಲಿ ಒಬ್ಬ ಹಿರಿಯರು ಕಂಡರು. ಇಳಿದು ಹೋಗಿ ಕೇಳಿದೆ. "ಯಜಮಾನ್ರ, ನಿಮ್ಮ ಹೊಲದಾಗ ಅಣ್ಣಿ ಐತೇನ್ರಿ?"

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನನ್ನ ಹೊಲಾ ಬೀಳ ಬಿದ್ದಾಂಗ ಕಾಣತೈತೇನ್ರಿ ನಿಮಗ? ನಮ್ಮಪ್ಪನ ಕಾಲದಿಂದ ಈ ಹೊಲದಾಗ ಕಸಾ ನಿಂತಿಲ್ಲ. ಹೋಗ್ರಿ, ಬ್ಯಾರೆ ಕಡೆ ಕೇಳ್ರಿ."

ಆಗಲೇ ನನಗೆ ಬುದ್ಧಿ ಬಂದದ್ದು. ಒಕ್ಕಲಿಗನ ಹತ್ತಿರ ಹೋಗಿ ನಿಮ್ಮಲ್ಲಿ ಕಸ ಇದೆಯಾ ಎಂದು ಕೇಳುವುದೂ, ನಿಮ್ಮ ತಲೆಯಲ್ಲಿ ಹೇನು ಇವೆಯಾ ಎಂದು ಕೇಳುವುದೂ ಒಂದೇ. ಮುಂದಿನ ಕಡೆ ನಯವಾಗಿ ಕೇಳಿದೆವು. ಅಲ್ಲಿ ಅವರು ನಮ್ಮನ್ನು ಎಣ್ಣೆ ಮಾರುವ ಕಂಪನಿಯವರೆಂದು ತಿಳಿದು, "ಎಣ್ಣಿ ಬ್ಯಾಡ್ರಿ, ತಂದಿದ್ದ ಭಾಳ ಐತಿ" ಎಂದು ದೂರದಿಂದಲೇ ಕೈಯಾಡಿಸಿದರು. ಸೂಡಿಯ ಹಳೆಯ ಹೊಂಡದ ಸುತ್ತ ಚಿಕ್ಕಂದಿನಲ್ಲಿ ಆಳೆತ್ತರ ಅಣ್ಣಿ ನೋಡಿದ ನೆನಪಿತ್ತು. ಹೋಗಿ ನೋಡಿದರೆ ಯಾರೋ ಪುಣ್ಯಾತ್ಮರು ಹಬ್ಬಕ್ಕೆಂದು ಸುತ್ತಲೂ ಕಡಿದು ಗುಡಿಸಿ ಸ್ವಚ್ಛ ಮಾಡಿದ್ದರು. ಸ್ವಚ್ಛತೆಯ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

"ಇನ್ನ ಗಜೇಂದ್ರಗಡದ ಗುಡ್ಡಾ ಒಂದ ಉಳದೈತಿ. ಗುಡ್ಡಾ ಹತ್ತಂತಿಯೇನು?" ಎಂದರು ನಮ್ಮನಿಯವರು.

"ಅವ್ವನ ಎಡಗಣ್ಣು ಹೋದ್ರ ನಿಮಗೇನು" ಎಂದುಬಿಟ್ಟೆ. ಅನ್ನಬಾರದಿತ್ತು. ಅವರು ಕಿಕ್ ಹೊಡೆದರು. ಆಮೇಲೆ ಬಂದ ಊರಿನ ಹೆಸರನ್ನೂ ಕೂಗಲಿಲ್ಲ.

ಲಕ್ಕಲಕಟ್ಟಿಯ ಹತ್ತಿರ ಬಿಸಿಲು ಇಳಿಯುತ್ತಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಮೆಲ್ಲಗೆ ತಿರುಗುತ್ತಿದ್ದವು. ರಸ್ತೆಯ ತಿರುವು ದಾಟಿದ್ದೇ ಅವರು ಗಕ್ಕನೆ ಬ್ರೇಕು ಹಾಕಿದರು. ಎಡಕ್ಕೆ ಕೆಂಪು ಮಣ್ಣಿನ ಒಂದು ಮಸಾರಿ ಹೊಲ. ಆ ಕೊನೆಯಿಂದ ಈ ಕೊನೆಯವರೆಗೆ ಗುಲಾಬಿ, ಎಲ್ಲೆಲ್ಲೂ ಅಣ್ಣಿ. ನಡುವೆ ಬಡಪಾಯಿ ಮೆಣಸಿನ ಗಿಡಗಳು ತಲೆ ಎತ್ತಲು ಒದ್ದಾಡುತ್ತಿದ್ದವು. ಖರೇ ಹೇಳುತ್ತೇನೆ, ನನಗೆ ಅಳು ಬಂತು. ಜೀವಮಾನದಲ್ಲಿ ಕಸ ಕಂಡು ಅತ್ತದ್ದು ಅದೊಂದೇ ಸಲ.

ಹೊಲದ ಬೇವಿನ ಗಿಡದ ಕೆಳಗೆ ಒಬ್ಬ ಮುದುಕಿ ಕೂತಿದ್ದಳು. ನಾವು ಇಳಿಯುವುದನ್ನು ಕಂಡು ಮಂಡಿ ಹಿಡಿದುಕೊಂಡು ಎದ್ದು ದಾರಿಗೆ ಅಡ್ಡ ಬಂದಳು.

"ಯಾರ್ಯವ್ವಾ ನೀವು? ಮನಿಗೆ ಬರ್ರಿ, ಹೊಲಾ ನೋಡಬ್ಯಾಡ್ರಿ. ಮಗಾ ಸೊಸಿ ದುಡಿಯಾಕಂತ ಮಂಗಳೂರಿಗೆ ಹೋಗ್ಯಾರ. ನನ್ನ ಮಂಡಿ ನೋಡ್ರಿ ಹಿಂಗ. ಕಸಾ ಏರಿಬಿಟ್ತು. ನಾಳೆ ಹಬ್ಬಕ್ಕ ಬರ್ತಾರ ಅವರು, ಹ್ಯಾಂಗ ಮಾರಿ ತೋರಿಸ್ಲಿ ಅಂತ ಕುಂತೀನಿ."

"ಅಜ್ಜೀ, ನಾವು ಆ ಕಸಕ್ಕಂತ ಬಂದೀವಿ" ಎಂದೆ. ಅವ್ವನ ಕಣ್ಣು, ಅವಳ ಕರಾರು, ಪಾಂಡವರು ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅಜ್ಜಿಯ ಮುಖದ ಮೇಲಿದ್ದ ನಾಚಿಕೆ ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಲೆಕ್ಕಾಚಾರ ಬಂತು.

"ಕೊಡೂದಿಲ್ಲ ಅನ್ನಾಕ ಅದೇನ್ ಬಂಗಾರನ? ಒಯ್ರಿ. ಆದ್ರ ತುದಿ ಮುರಕೊಂಡ ಹೋಗೂ ಹಾಂಗಿಲ್ಲ. ಬುಡಾ ಹಿಡದು ಬೇರಸಹಿತ ಕೀಳಬೇಕು. ರಸ್ತೆ ಕಡೀದು ಆ ಸಾಲು ಪೂರಾ ತಗೀರಿ. ನಾಳೆ ಮಗಾ ಬಸ್ ಇಳದಾಗ ಅಷ್ಟರ ಸ್ವಚ್ಛ ಕಾಣ್ಲಿ."

ಸೊಂಟದಿಂದ ಕುರ್ಪಿ ತೆಗೆದು ನನ್ನ ಕೈಗೆ ಕೊಟ್ಟಳು. ನಮ್ಮನಿಯವರಿಗೆ ಕುರ್ಪಿ ಇರಲಿಲ್ಲ, ಬರಿಗೈ. ಅವರು ಪ್ಯಾಂಟು ಮಡಚಿ ಸಾಲಿಗೆ ಇಳಿದರು. ಹಬ್ಬಕ್ಕೆಂದು ಇಸ್ತ್ರಿ ಮಾಡಿಸಿದ ಪ್ಯಾಂಟು. ನಾನು ಕುಕ್ಕರುಗಾಲಿನಲ್ಲಿ ಕೂರಲು ಹೋಗಿ ಹಿಂದಕ್ಕೆ ಬಿದ್ದೆ. ಎದ್ದು ಮತ್ತೆ ಕೂತೆ. ಅಜ್ಜಿ ಬದುವಿನ ಮೇಲೆ ನಿಂತು ಉಸ್ತುವಾರಿ ಶುರು ಮಾಡಿದಳು.

"ಯವ್ವಾ, ಅದು ಮೆಣಸಿನ ಗಿಡಾ! ಏನ್ ಕಲಿಸ್ಯಾಳವ್ವಾ ನಿಮ್ಮವ್ವ ನಿನಗ?"

ಅವ್ವ ಉಳಿಸಿದ್ದ ಬೈಗುಳದ ಬಾಕಿಯನ್ನು ಲಕ್ಕಲಕಟ್ಟಿಯಲ್ಲಿ ಯಾರೋ ತೀರಿಸುತ್ತಿದ್ದರು. ನಮ್ಮನಿಯವರಂತೂ ಸೊಂಟ ಹಿಡಿದು ನಿಂತು, "ಟಿಕೆಟ್ ಹರಿಯೋದು ಇದಕ್ಕಿಂತ ಭಾಳ ಹಗೂರ ಬಿಡ" ಎಂದರು. ಆಗ ನನ್ನ ಸಿಟ್ಟು ನಕ್ಕು ಇಳಿದುಹೋಯಿತು. ಸಾಲು ಮುಗಿಯುವ ಹೊತ್ತಿಗೆ ಸೂರ್ಯ ಗುಡ್ಡದ ಹಿಂದೆ ಸರಿದಿದ್ದ. ಅಜ್ಜಿ ಇಬ್ಬರಿಗೂ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ತನ್ನ ಪಾಂಡವರಿಗೆಂದು ಒಂದು ಹಿಡಿ ಅಣ್ಣಿ ಬೇರೆ ತೆಗೆದಿಟ್ಟು, ಉಳಿದದ್ದನ್ನು ಹಳೆಯ ಸೀರೆಯ ತುಂಡಿನಲ್ಲಿ ಹೊರೆ ಕಟ್ಟಿ ನನ್ನ ತೊಡೆಯ ಮೇಲಿಟ್ಟಳು. "ನಿಮ್ಮವ್ವಗ ಹೇಳು, ಎಡಗಣ್ಣಿಗೂ ಮಾಡಿಸ್ಕೋ ಅಂತ. ನಾನೂ ಮಾಡಿಸೀನಿ, ಏನೂ ಆಗೂದಿಲ್ಲ" ಎಂದಳು.

ಹಿಂದಿರುಗುವಾಗ ನಮ್ಮನಿಯವರು ಮತ್ತೆ ಊರುಗಳನ್ನು ಕೂಗಿದರು. ನನಗೆ ಎದುರಿನ ದಾರಿ ಕಾಣುತ್ತಿರಲಿಲ್ಲ, ಮುಖದ ತುಂಬ ಅಣ್ಣಿ.

ಪಾಡ್ಯದ ಬೆಳಿಗ್ಗೆ ಪಾಂಡವರನ್ನು ನಾನೇ ಮಾಡಿದೆ. ಭೀಮನನ್ನು ಈರಣ್ಣನಿಗೆ ಬಿಟ್ಟುಕೊಟ್ಟೆ, ಈ ವಯಸ್ಸಿನಲ್ಲಿ ಜಗಳ ಬೇಡವೆಂದು. ಎಲ್ಲರ ತಲೆಗೂ ಅಣ್ಣಿ ಏರಿಸಿ, ಅವ್ವನನ್ನು ಕೈಹಿಡಿದು ಹೊಸ್ತಿಲಿಗೆ ತಂದು ಕುರ್ಚಿಯ ಮೇಲೆ ಕೂಡಿಸಿದೆವು. ಅವಳು ಕರಿ ಚಸ್ಮಾ ತೆಗೆದಳು. ಮೊದಲು ನನ್ನ ಮುಖ ನೋಡಿದಳು.

"ಇದೇನ, ತಲಿ ಇಷ್ಟ ಬೆಳ್ಳಗಾಗೈತಿ? ನನಗ್ಯಾರೂ ಹೇಳಿಲ್ಲ."

"ಹೇಳೋವಂಥ ಸುದ್ದಿ ಅಲ್ಲಬೇ ಅದು" ಎಂದೆ.

ಆಮೇಲೆ ಗೋಡೆಯ ಮೂಲೆಯ ಜೇಡರ ಬಲೆ ನೋಡಿದಳು, ಈರಣ್ಣನ ಹೊಟ್ಟೆ ನೋಡಿದಳು, ಎಲ್ಲದಕ್ಕೂ ಒಂದೊಂದು ಮಾತು ಹಾಕಿದಳು. ಕೊನೆಗೆ ಕಣ್ಣು ಕೆಳಗಿಳಿದು ಪಾಂಡವರ ಮೇಲೆ ನಿಂತಿತು. ಈರಣ್ಣ ಕೈಮುಗಿದವನು ಹಾಗೇ ಇದ್ದ, ಪಾಂಡವರಿಗೋ ಅವ್ವನಿಗೋ ಗೊತ್ತಿಲ್ಲ. ನಾನೊಂದು ತೆನೆ ಕಿತ್ತು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಬಲಗಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನ ಹತ್ತಿರ ಹಿಡಿದಳು. ತುಟಿ ಕೊಂಕಿಸಿದಳು. ಮತ್ತೆ ಬಲಗಣ್ಣು ತೆರೆದಳು.

"ತುದಿಗೆ ಇಷ್ಟ ಗುಲಾಬಿ ಇರತಿತ್ತೇನ ಇದು?" ಎಂದಳು. "ಮರತ ಬಿಟ್ಟಿದ್ನೆಲ್ಲ."

ಕಣ್ಣಂಚು ಒದ್ದೆಯಾಯಿತು. ಈರಣ್ಣ ಗಾಬರಿಬಿದ್ದು, "ಅಳಬ್ಯಾಡಬೇ, ಕಣ್ಣಾಗ ನೀರ ಬರಬಾರದು ಅಂದಾರ" ಎಂದು ಹನಿಯ ಬಾಟಲಿ ಹುಡುಕಲು ಓಡಿದ. ಅವ್ವ ಸೆರಗಿನ ತುದಿಯಿಂದ ಕೆನ್ನೆಯನ್ನಷ್ಟೇ ಒರೆಸಿಕೊಂಡಳು.

"ಯಾರ ಹೊಲದ್ದಿದು?"

"ಲಕ್ಕಲಕಟ್ಟಿ ಒಬ್ಬ ಅಜ್ಜಿದು."

"ಇಷ್ಟ ದೊಡ್ಡಾಗೋತನಾ ಕಸಾ ಬಿಟ್ಟಾಳಲ್ಲ, ಒಕ್ಕಲಿಗರಾಕಿ ಏನ ಅಕಿ?" ಎಂದಳು. ನಮಗೆಲ್ಲ ಜೀವ ಬಂತು. ಬಯ್ಯಲು ಶುರು ಮಾಡಿದಳೆಂದರೆ ಅವ್ವ ಗೆಲುವಾಗಿದ್ದಾಳೆ ಎಂದೇ ಅರ್ಥ. ಬಾಟಲಿ ಹಿಡಿದು ಬಂದ ಈರಣ್ಣನನ್ನು ನೋಡಿ, "ಎಡಗಣ್ಣಿಗೆ ಯಾವತ್ತ ಬಾ ಅಂದಾರ ಡಾಕ್ಟ್ರು?" ಎಂದು ಕೇಳಿದಳು. ಅವನು ಹನಿ ಹಾಕುವುದನ್ನೂ ಮರೆತು ಫೋನು ಹಚ್ಚಿದ.

ಮರುದಿನ ನಾವು ನರಗುಂದಕ್ಕೆ ಹೊರಡುವಾಗ ಅವ್ವ ಬಲಿತ ತೆನೆಗಳನ್ನು ಮೊರದಲ್ಲಿ ಹಾಕಿಕೊಂಡು ಅಂಗೈಯಲ್ಲಿ ತಿಕ್ಕುತ್ತ ಕೂತಿದ್ದಳು. ಬೀಜವನ್ನು ಕೇರಿ, ಚಿಂದಿಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಗಿಸಿದಳು. ಒಂದು ಚಿಟಿಕೆ ನನ್ನ ಚೀಲಕ್ಕೂ ಹಾಕಿದಳು. ಯಾಕೆಂದು ಕೇಳಿದೆ. "ಇರ್ಲಿ" ಎಂದಳಷ್ಟೆ. ಎಡಗಣ್ಣಿನದೂ ಚೆಂದಾಗಿ ಆಯಿತು. ಆ ಚಿಟಿಕೆ ಬೀಜದ ವಿಷಯ ನಾನು ಮರೆತೇಬಿಟ್ಟೆ, ಚೀಲದ ಝಿಪ್ಪು ಕೆಡುವವರೆಗೆ.

ನಿನ್ನೆ ಸಂಜೆ ನಮ್ಮಲ್ಲಿ ಮಳೆ ಹನಿಯುತ್ತಿತ್ತು. ಮಾಡದಲ್ಲಿದ್ದ ಕಾಗದ ಬಿಚ್ಚಿ, ನಮ್ಮನಿಯವರ ಗುಲಾಬಿ ಕುಂಡದಲ್ಲಿ ಅವರಿಗೆ ಕಾಣದಂತೆ ಬೀಜ ಉದುರಿಸುತ್ತಿದ್ದಾಗ ಈರಣ್ಣನ ಫೋನು ಬಂತು. ಧ್ವನಿಯಲ್ಲಿ ಫಿರ್ಯಾದಿ.

"ಅಕ್ಕಾ, ಅವ್ವ ಏನ್ ಮಾಡ್ಯಾಳ ಗೊತ್ತೈತೇನು? ಮೂಡಣ ಬದುವಿನ ಉದ್ದಕ್ಕೂ ಅಣ್ಣಿ ಬಿತ್ಯಾಳ. ಒಂದಿಷ್ಟ ಅಲ್ಲ, ಪೂರಾ ಬದುವಿಗೆ. ಮೊಣಕಾಲೆತ್ತರ ಎದ್ದಾವ. ಹೋಗೋರು ಬರೋರು ನಿಂತು, ಏನಪಾ ಈರಣ್ಣ, ಹೊಸಾ ಬೆಳಿಯೇನು ಅಂತ ಕೇಳಾಕತ್ತಾರ. ತಲಿ ಎತ್ತಿ ತಿರಗದಾಂಗ ಆಗೈತಿ ನನಗ."

"ಎಣ್ಣಿ ಹೊಡೀಬೇಕಿಲ್ಲೋ ಮತ್ತ?" ಎಂದು ಕೆಣಕಿದೆ.

"ಹ್ಯಾಂಗ ಹೊಡೀಲಿ? ನಾ ಪಂಪ್ ಹೊತ್ತು ಹೊಂಟ್ರ ಅಕಿ ಗೋಣಿಚೀಲಾ ಅಡ್ಡ ಹಿಡಕೊಂಡು ಬದುವಿನ ಮ್ಯಾಲೆ ನಿಂದರತಾಳ, ಅಣ್ಣಿ ಮ್ಯಾಲೆ ಒಂದ ಹನಿ ಬೀಳಬಾರದು ಅಂತ. ಪಾಂಡವ್ರ ಪಾಲು ಇಷ್ಟ ಯಾಕ ಬೇಕಬೇ ಅಂದ್ರ, ನಿನಗೇನ್ ತಿಳೀತೈತಿ ಅಂತಾಳ."

ಅಷ್ಟರಲ್ಲಿ ಹಿಂದಿನಿಂದ, "ತಾ ಇಲ್ಲೆ ಅದನ್ನ" ಎಂಬ ಧ್ವನಿ ಕೇಳಿತು. ಫೋನು ಕೈಬದಲಾಯಿತು.

"ಅವನ ಮಾತ ಬಿಡು" ಎಂದಳು ಅವ್ವ. "ಹೋದ ವರ್ಷ ಒಂದ ಕಣ್ಣಿಂದ ನೋಡಿದ್ದು. ಈ ಸಲ ಎರಡಕ್ಕೂ ಆಗೋವಷ್ಟು ಬಿತ್ತೀನಿ. ಹಬ್ಬಕ್ಕ ಲಗೂನ ಬಾ."